ಸಾಲ್ಯಾನರ ಬಾನೆಟ್ಟಿಗೆ ಗೀರು ಹಾಕಿದವರು ಯಾರು

ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗುಗಳಲ್ಲಿ ಕಾರು ಕೊಂಡವನು ಮೊದಲು ಅದಕ್ಕೆ ಲಿಂಬೆ-ಮೆಣಸು ಕಟ್ಟುತ್ತಾನೆ, ಆಮೇಲೆ ಯಾರ ಮೇಲಾದರೂ ಅನುಮಾನ ಪಡಲು ಶುರು ಮಾಡುತ್ತಾನೆ. ಲಿಂಬೆ ವಾರದಲ್ಲಿ ಒಣಗುತ್ತದೆ. ಅನುಮಾನಕ್ಕೆ ಮಾತ್ರ ಇಡೀ ಸೊಸೈಟಿ ಸೇರಿ ನೀರು ಹಾಕುತ್ತದೆ.

ಲೀಲಾಧರ ಸಾಲ್ಯಾನ್ ತಮ್ಮ ನಲವತ್ನಾಲ್ಕನೆಯ ವಯಸ್ಸಿನಲ್ಲಿ, 2013ರ ದೀಪಾವಳಿಗೆ, ಮೊದಲ ಕಾರು ತಂದರು. ಸೆಕೆಂಡ್ ಹ್ಯಾಂಡ್, ಕಪ್ಪು ಬಣ್ಣ. ಕಪ್ಪು ಬೇಡ, ಧೂಳು ಕಾಣುತ್ತದೆ ಅಂತ ಹೆಂಡತಿ ವಿನೋದಾ ಹೇಳಿದ್ದರು. ಕೇಳಲಿಲ್ಲ. ಮೂವತ್ತು ವರ್ಷ ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡಿದ ಮನುಷ್ಯ ಸೀಟಿನಲ್ಲಿ ಕುಳಿತು ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಒಂದು ಸುಖವೆಂದು ತಿಳಿದಿದ್ದರೆ ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಮೂಲ್ಕಿ ಕಡೆಯವರು. ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಠಾಣೆ ನಾಕಾದ ಒಂದು ಹೋಟೆಲಿಗೆ ಬಂದರು. ಮೊದಲ ಎರಡು ವರ್ಷ ಮೇಜು ಒರೆಸಿದರು. ಆಮೇಲೆ ಕಪ್ಪು-ಬಸಿ, ಆಮೇಲೆ ವೇಟರು, ಆಮೇಲೆ ಗಲ್ಲಾ. ಈಗ ಹದಿನಾಲ್ಕು ವರ್ಷಗಳಿಂದ ವಾಗ್ಳೆ ಎಸ್ಟೇಟಿನ ಒಂದು ಫ್ಯಾಕ್ಟರಿಯ ಕ್ಯಾಂಟೀನು ಅವರದು. ಈ ಏರುದಾರಿಯಲ್ಲಿ ಅವರು ಕಲಿತ ವಿದ್ಯೆ ಒಂದೇ: ನಂಬಬೇಡ. ಹಾಲಿಗೆ ಲ್ಯಾಕ್ಟೋಮೀಟರ್ ಅದ್ದುತ್ತಾರೆ. ಸಿಲಿಂಡರನ್ನು ಬೆರಳಿನಿಂದ ತಟ್ಟಿ ಕೇಳುತ್ತಾರೆ. ಮೆಣಸಿನಪುಡಿಯನ್ನು ನೀರಿಗೆ ಹಾಕಿ ತಳ ನೋಡುತ್ತಾರೆ. “ಇವರು ತೀರ್ಥ ಕೊಟ್ಟರೂ ಮೂಸಿ ನೋಡಿಯೇ ಕುಡಿಯುವುದು,” ಎಂದು ವಿನೋದಾ ಬಂದವರ ಎದುರೇ ಹೇಳುವುದುಂಟು.

ಅವರ ಬಿಲ್ಡಿಂಗಿನಲ್ಲಿ ಹತ್ತೊಂಬತ್ತು ಕಾರುಗಳು. ಹತ್ತೊಂಬತ್ತನ್ನೂ ತೊಳೆಯುವವನು ಸಿದ್ರಾಮ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಖಾರಘರದಲ್ಲಿ ಗುಡ್ಡದ ಬುಡದ ಟವರುಗಳು ಏಳುತ್ತಿದ್ದ ಕಾಲಕ್ಕೆ ಅಲ್ಲಿ ನೆಲಕ್ಕೆ ಪಾಲಿಶ್ ಹೊಡೆಯುವ ಯಂತ್ರ ಹಿಡಿದಿದ್ದ. ಕಲ್ಲಿನ ಹುಡಿ ಎದೆಗೆ ಕೂತು ಕೆಮ್ಮು ಹಿಡಿದ ಮೇಲೆ ಆ ಕೆಲಸ ಬಿಟ್ಟು ಹೆಂಡತಿ ಗುರಮ್ಮನ ಜತೆ ಇಲ್ಲಿಗೆ ಬಂದ. ಕಾರು ತೊಳೆಯಬೇಕು, ನೀರಿನ ಪಂಪು ನೋಡಿಕೊಳ್ಳಬೇಕು. ಬದಲಿಗೆ ಪಂಪ್ ರೂಮಿನ ಪಕ್ಕದ ಕೋಣೆಯಲ್ಲಿ ಇರಬಹುದು. ಎಂದರೆ, ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಇಂಥ ಏರ್ಪಾಡನ್ನು ನಮ್ಮ ಸೊಸೈಟಿಗಳು ‘ಉಪಕಾರ’ ಎನ್ನುತ್ತವೆ.

ಕತೆ ಶುರುವಾದದ್ದು 2014ರ ಜನವರಿಯಲ್ಲಿ, ಖಾರಘರದಲ್ಲಿ. ನಾದಿನಿಯ ಮಗುವಿನ ನಾಮಕರಣಕ್ಕೆ ಹೋಗಿದ್ದ ಸಾಲ್ಯಾನರು ಊಟವಾದ ಮೇಲೆ ಸುಮ್ಮನೆ ಒಂದು ಸುತ್ತು ಹೋದವರು ಗಾಜಿನ ಬಾಗಿಲಿನ ಒಂದು ಅಂಗಡಿಯ ಎದುರು ನಿಂತರು. ಕಾರಿಗೆ ಹೊಳಪು ಕೊಡುವ ಅಂಗಡಿ. ಅದನ್ನು ಅವರು ಅಂಗಡಿ ಎನ್ನುವುದಿಲ್ಲ, ‘ಸ್ಟುಡಿಯೋ’ ಎನ್ನುತ್ತಾರೆ. ಕಪ್ಪು ಟೀಶರ್ಟಿನ ಒಬ್ಬ ಯುವಕ ಕರೆಯದೆಯೇ ಹೊರಗೆ ಬಂದು ಬಾನೆಟ್ಟಿನ ಮೇಲೆ ಟಾರ್ಚು ಬಿಟ್ಟ.

“ಅಂಕಲ್, ಇಧರ್ ದೇಖೋ.”

ನೋಡಿದರೆ, ಬೆಳಕಿನ ಸುತ್ತ ಕೂದಲೆಳೆಯಂಥ ಸಾವಿರ ಗೀರುಗಳು. ಜೇಡ ಬಲೆ ಹೆಣೆದ ಹಾಗೆ.

“ಯೇ ಆಪ್ಕಾ ಗಾಡಿ ಧೋನೇವಾಲಾ ಕರ್ತಾ ಹೈ. ಏಕ್ ಬಾಲ್ಟಿ, ಏಕ್ ಗಂದಾ ಕಪ್ಡಾ. ಸಬ್ ಬಿಲ್ಡಿಂಗ್ ಮೇ ಯಹೀ ಲಫ್ಡಾ ಹೈ.”

ಗೀರೆಲ್ಲ ಗಾಡಿ ತೊಳೆಯುವವನ ಕೊಳಕು ಬಟ್ಟೆಯದಂತೆ. ಇದಕ್ಕೆ ಮದ್ದು ಪೇಂಟ್ ಕರೆಕ್ಷನ್ ಅಂತೆ. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಗೀರು ಇರುವುದು ಆ ಪದರದಲ್ಲಿ. ಯಂತ್ರದಿಂದ ಅದನ್ನು ಇಷ್ಟೇ ಇಷ್ಟು ಉಜ್ಜಿ ಸಮ ಮಾಡಿದರೆ ಗೀರು ಮಾಯ. ಯುವಕ ದರ ಹೇಳಿದ. ಸಾಲ್ಯಾನರು ಒಂದು ಹೆಜ್ಜೆ ಹಿಂದೆ ಸರಿದರು.

“ಬಣ್ಣ ಬಳಿಯಲಿಕ್ಕೆ ದುಡ್ಡು ಕೊಡುವುದು ಗೊತ್ತುಂಟು. ಇದ್ದ ಬಣ್ಣ ಕೆರೆದು ತೆಗೀಲಿಕ್ಕೂ ನಾವೇ ಕೊಡುವುದಾ ಮಾರ್ರೆ?” ಎಂದು ಮನೆಗೆ ಬರುವ ದಾರಿಯುದ್ದಕ್ಕೂ ವಿನೋದಾ ಹತ್ತಿರ ಹೇಳಿದರು.

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಆ ಯುವಕ ಎರಡು ಮಾತು ಹೇಳಿದ್ದ: ಒಂದು ಆರೋಪ, ಒಂದು ದರ. ಹಾಲಿಗೆ ಲ್ಯಾಕ್ಟೋಮೀಟರ್ ಅದ್ದುವ ನಮ್ಮ ಸಾಲ್ಯಾನರು ದರವನ್ನು ಅನುಮಾನಿಸಿದರು. ಆರೋಪವನ್ನು ಹಾಗೇ ನುಂಗಿಕೊಂಡರು. ಹೊಳಪು ಮಾರುವವನಿಗೆ ಗೀರು ಬೇಕು, ಗೀರಿಗೊಬ್ಬ ಕಳ್ಳ ಬೇಕು. ಇದು ಅವರಿಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಆರೋಪ ಹೊತ್ತವನು ಬಾಲ್ದಿ ಹಿಡಿದವನು.

ಮರುದಿನ ಸಾಲ್ಯಾನರು ಸೊಸೈಟಿಯ ಸೆಕ್ರೆಟರಿ ಊರ್ಮಿಳಾ ಮೇಡಮ್ಮಿಗೆ ಲಿಖಿತ ದೂರು ಕೊಟ್ಟರು. ಊರ್ಮಿಳಾ ಮೇಡಂ ಸರಕಾರಿ ಕಚೇರಿಯಿಂದ ನಿವೃತ್ತರಾದವರು. ಕಾಗದ ಕಂಡರೆ ಅವರಿಗೆ ಜೀವ ಬರುತ್ತದೆ. ಸಂಜೆಯೊಳಗೆ ಅದು ನೋಟಿಸ್ ಬೋರ್ಡಿಗೆ ಬಂತು. ಆ ವಾರವಿಡೀ ಪಾರ್ಕಿಂಗಿನಲ್ಲಿ ಜನ ತಂತಮ್ಮ ಕಾರಿನ ಮೇಲೆ ಮೊಬೈಲ್ ಟಾರ್ಚು ಹಿಡಿದು ಬಗ್ಗಿ ನಡೆದಾಡಿದರು, ಕಾಣೆಯಾದ ಮೂಗುತಿ ಹುಡುಕುವವರ ಹಾಗೆ. ಹುಡುಕಿದವರಿಗೆಲ್ಲ ಸಿಕ್ಕಿತು. ಕಲ್ಲು ಹಾರಿ ಆದ ಗುಂಡಿ, ಗೇಟಿಗೆ ತಾಗಿದ ಪೆಟ್ಟು, ಮಕ್ಕಳು ಕ್ರಿಕೆಟ್ ಆಡಿ ಮಾಡಿದ ಕಲೆ, ಎಲ್ಲವೂ ಸಿದ್ರಾಮನ ಲೆಕ್ಕಕ್ಕೆ. ಮೂರನೆಯ ಮಹಡಿಯ ಪುಂಡರೀಕಾಕ್ಷರಾಯರು, ಮೈಸೂರು ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿ, ತಮ್ಮ ಬೆಳ್ಳಿ ಬಣ್ಣದ ಕಾರಿನಲ್ಲಿ ಏನೂ ಕಾಣದೆ, “ಬೆಳ್ಳಿ ಬಣ್ಣದಲ್ಲಿ ಕಾಣೋಲ್ಲ ಕಣ್ರೀ, ಆದರೆ ಇದ್ದೇ ಇರುತ್ತೆ,” ಎಂದು ದೂರಿಗೆ ಸಹಿ ಹಾಕಿದರು.

ಫೆಬ್ರವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಸಭೆ ಎಂದಾಯಿತು. ವಿಷಯ: ಕಾರು ತೊಳೆಯುವ ಕೆಲಸ ಒಂದು ಏಜೆನ್ಸಿಗೆ ಕೊಡುವುದು, ಪಂಪ್ ರೂಮಿನ ಕೋಣೆ ತಿಂಗಳ ಕೊನೆಗೆ ಖಾಲಿ ಮಾಡಿಸುವುದು.

ಸಿದ್ರಾಮ ಒಮ್ಮೆ ಬಂದು ಕೇಳಿದ. ಸಾಲ್ಯಾನರು ಕಾರಿನ ಬಾಗಿಲಿಗೆ ಕೀಲಿ ಹಾಕುತ್ತಿದ್ದರು.

“ಸಾವ್ಕಾರ್ರ, ನಾ ಏನ್ ಮಾಡೀನ್ರಿ? ಐದ್ ವರ್ಷ ಆತು, ಯಾರೂ ಒಂದ್ ಮಾತ್ ಅಂದಿಲ್ಲ.”

“ಯಾರೂ ಟಾರ್ಚು ಹಿಡಿದು ನೋಡಿರಲಿಲ್ಲ, ಅದಕ್ಕೆ. ಒಂದು ಬಾಲ್ದಿ ನೀರಲ್ಲಿ ಎಷ್ಟು ಗಾಡಿ ತೊಳಿತೀ ನೀನು?”

“ಎರಡ್ ಗಾಡಿಗೊಮ್ಮೆ ನೀರ್ ಬದಲಿ ಮಾಡ್ತೀನ್ರಿ. ಅರಿವಿ ದಿನಾ ಗುರಮ್ಮ ಒಗೀತಾಳ.”

“ಅದನ್ನು ನೋಡಿದವರು ಯಾರು?”

ತಾನು ಪ್ರಾಮಾಣಿಕವಾಗಿ ಅರಿವೆ ಒಗೆಯುತ್ತಿದ್ದೇನೆ ಎನ್ನುವುದಕ್ಕೆ ಯಾರೂ ಸಾಕ್ಷಿ ಕೂರಿಸಿಕೊಂಡು ಒಗೆಯುವುದಿಲ್ಲ. ಸಿದ್ರಾಮ ತಲೆ ಕೆರೆದುಕೊಂಡು ಹೋದ. ಅವನು ಹೋದ ರೀತಿಯಲ್ಲೂ ಸಾಲ್ಯಾನರಿಗೆ ಏನೋ ಕಂಡಿತು. “ತಪ್ಪು ಮಾಡದವ ಜೋರು ಮಾಡ್ತಾನೆ. ಇವ ಮೆತ್ತಗೆ ಮಾತಾಡ್ತಾನೆ ನೋಡು,” ಎಂದು ವಿನೋದಾಗೆ ಹೇಳಿದರು. ಜೋರು ಮಾಡಿದ್ದರೆ, “ಕಳ್ಳನ ಗಂಟಲು ದೊಡ್ಡದು,” ಅನ್ನುತ್ತಿದ್ದರು.

ಇಷ್ಟರಲ್ಲಿ ಪೇಂಟ್ ಕರೆಕ್ಷನ್ ಅವರ ತಲೆಯೊಳಗೆ ಕುಳಿತಿತ್ತು. ಸ್ಟುಡಿಯೋದವನಿಗೆ ಕೊಡುವ ಬದಲು ತಾನೇ ಮಾಡಿದರೇನು? ಹನ್ನೆರಡನೆಯ ಕ್ಲಾಸಿನ ಮಗಳು ಮಾನಸಿ ಮೊಬೈಲಿನಲ್ಲಿ ವಿಡಿಯೋಗಳನ್ನು ತೆಗೆದು ತೋರಿಸಿದಳು. ಅವಳಿಗೆ ಕನ್ನಡ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. ಸಾಲ್ಯಾನರು ಪ್ರತಿ ವಿಡಿಯೋವನ್ನೂ ಅನುಮಾನದಿಂದಲೇ ನೋಡಿದರು. “ಇವನು ಮಧ್ಯದಲ್ಲಿ ಗಾಡಿ ಬದಲಿಸಿದ್ದಾನೆ.” “ಇದು ನೀರಿನ ಹೊಳಪು, ಒಣಗಿದ ಮೇಲೆ ಹೋಗ್ತದೆ.” ಆದರೂ ಆನ್‌ಲೈನಿನಲ್ಲಿ ಯಂತ್ರ ತರಿಸಿದರು. ದೊಡ್ಡ ರಟ್ಟಿನ ಡಬ್ಬಿಯಲ್ಲಿ ಬಂತು. ಡಬ್ಬಿಯ ಟೇಪನ್ನು ಯಾರಾದರೂ ಮೊದಲೇ ಬಿಚ್ಚಿ ಅಂಟಿಸಿದ್ದಾರೆಯೇ ಎಂದು ನಾಲ್ಕೂ ಕಡೆ ನೋಡಿ ಆಮೇಲೆ ಸಹಿ ಹಾಕಿದರು.

ಸಭೆಯ ದಿನವೇ ಬೆಳಿಗ್ಗೆ ಮಾಡುವುದೆಂದು ನಿಶ್ಚಯಿಸಿದರು. ಅದಕ್ಕೊಂದು ಕಾರಣ ಇತ್ತು. ಬಾನೆಟ್ಟಿನ ನಡುವೆ ಉದ್ದಕ್ಕೆ ಟೇಪು ಅಂಟಿಸಿ ಎಡ ಅರ್ಧ ಮಾತ್ರ ಸರಿ ಮಾಡುವುದು, ಬಲ ಅರ್ಧ ಹಾಗೇ ಬಿಡುವುದು. ಕಾರು ಹೇಗಿರಬೇಕಿತ್ತು, ಸಿದ್ರಾಮ ಅದನ್ನು ಏನು ಮಾಡಿದ: ಎರಡೂ ಅಕ್ಕಪಕ್ಕ. ಹತ್ತೊಂಬತ್ತು ಮನೆಯವರ ಎದುರು ಇದಕ್ಕಿಂತ ಸಾಕ್ಷಿ ಬೇಕೆ?

ಏಳು ಗಂಟೆಗೆ ಕೆಲಸ ಶುರು. ಮೊದಲನೆಯ ಮಹಡಿಯ ತಮ್ಮ ಬಾಲ್ಕನಿಯಿಂದ ಕೆಳಗಿನ ಪಾರ್ಕಿಂಗಿಗೆ ವಯರು ಇಳಿಸಿದರು. ಎಲ್ಲಿಂದಲೋ ಊರ್ಮಿಳಾ ಮೇಡಂ ಬಂದರು.

“ಸಾಲ್ಯಾನ್ ಭಾವೂ, ಯೇ ಲೈಟ್ ಸೊಸೈಟಿ ಕಾ ಮೀಟರ್ ಸೇ ತೋ ನಹೀ?”

ಸೊಸೈಟಿಯ ಮೀಟರಿನ ಕರೆಂಟಲ್ಲವೆಂದು ಅವರಿಗೆ ವಯರಿನ ಎರಡೂ ತುದಿ ತೋರಿಸಿ ಆಯಿತು. ಹೋಗುವಾಗಲೂ ಅವರು ಒಮ್ಮೆ ಮೇಲೆ ನೋಡಿಕೊಂಡೇ ಹೋದರು.

ಕಾರು ತೊಳೆದು, ಒರೆಸಿ, ಟೇಪು ಅಂಟಿಸಿದರು. ಪಾಲಿಶ್ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಡೂಪ್ಲಿಕೇಟ್ ಇರಬಹುದು. ಇದ್ದರೆ ಸ್ವಲ್ಪ ಜಾಸ್ತಿ ಹಾಕಿದರಾಯಿತು ಎಂದು ಇಡ್ಲಿಗೆ ಚಟ್ನಿ ಹಾಕಿದ ಹಾಗೆ ಯಂತ್ರದ ಸ್ಪಂಜಿನ ಮೇಲೆ ಸುರಿದು, ಸ್ಪಂಜು ಗಾಳಿಯಲ್ಲಿರುವಾಗಲೇ ಸ್ವಿಚ್ಚು ಒತ್ತಿದರು. ಬಿಳೀ ಹನಿಗಳು ಅವರ ಬನಿಯನ್ನಿಗೆ, ಕಂಬಕ್ಕೆ, ಪಕ್ಕದ ಸ್ಕೂಟರಿಗೆ, ಮಾನಸಿಯ ಕನ್ನಡಕಕ್ಕೆ ಹಾರಿದವು.

“ಪಪ್ಪಾ! ಪೆಹ್ಲೇ ನೀಚೇ ರಖೋ, ಫಿರ್ ಚಾಲೂ ಕರೋ! ವಿಡಿಯೋ ಮೇ ಬೋಲಾ ಥಾ!”

“ವಿಡಿಯೋದವನು ಅದನ್ನು ಮೆಲ್ಲ ಹೇಳಿದ್ದಾನೆ,” ಎಂದು ಸಾಲ್ಯಾನರು ಹುಬ್ಬು ಒರೆಸಿಕೊಂಡರು. “ಬೇಕೆಂದೇ.”

ಎರಡನೆಯ ಸಲ ಕೆಳಗಿಟ್ಟು ಶುರು ಮಾಡಿದರು. ಯಂತ್ರ ಕುಣಿಯಿತು. ಬಿಗಿಯಾಗಿ ಒತ್ತಿ ಹಿಡಿದರು. ಒತ್ತಿದಷ್ಟೂ ಅದು ಪಕ್ಕಕ್ಕೆ ಎಳೆದುಕೊಂಡು ಹೋಯಿತು. ಹತ್ತು ನಿಮಿಷಕ್ಕೆ ಬೆವರು, ಬಾನೆಟ್ಟು ಬಿಸಿ, ಗೀರುಗಳು ಇದ್ದಲ್ಲೇ ಇದ್ದವು, ಅವುಗಳ ಮೇಲೆ ಒಂದು ಮಂಜು ಬೇರೆ ಕೂತಿತು.

ಸಿದ್ರಾಮ ಕಂಬದ ಹತ್ತಿರ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ.

“ಮಿಷಿನ್ ಮ್ಯಾಲೆ ಬೀಳಬ್ಯಾಡ್ರಿ ಸಾವ್ಕಾರ್ರ,” ಎಂದ. “ಅದರ ಭಾರ ಅದಕ್ಕ ಸಾಕ್ರಿ. ನಾವು ಬರೇ ದಾರಿ ತೋರಸಬೇಕು. ಮತ್ತ ಸಾವಕಾಶ ನಡಸ್ರಿ. ಓಡಿದ್ರ ಅದು ಮ್ಯಾಲಿಂದ ಮ್ಯಾಲೇ ಹೋಗ್ತೈತಿ. ಎರಡ್ ಸರ್ತಿ ಉದ್ದ, ಎರಡ್ ಸರ್ತಿ ಅಡ್ಡ.”

“ನಿನಗೆ ಹೇಗೆ ಗೊತ್ತು?”

“ಖಾರಘರದಾಗ ಫರಶಿ ಪಾಲಿಶ್ ಮಾಡ್ತಿದ್ನಲ್ರಿ. ಕಲ್ಲಾದ್ರೇನು, ಕಬ್ಬಣಾದ್ರೇನು, ಮಿಷಿನಿನ ಸ್ವಭಾವ ಒಂದೇ. ಒಂದ್ ಜರಾ ಕೊಡ್ರಿಲ್ಲೆ, ತೋರಸ್ತೀನಿ.”

ಸಾಲ್ಯಾನರು ಯಂತ್ರವನ್ನು ಎದೆಗೆ ಅವಚಿಕೊಂಡರು. ಈಗ ಅರ್ಥವಾಯಿತು! ಸಾಕ್ಷಿ ಅಳಿಸಲು ಬಂದಿದ್ದಾನೆ. ಬಲ ಅರ್ಧಕ್ಕೆ ಒಂದು ಸಲ ಯಂತ್ರ ತಾಗಿಸಿದರೆ ಇವನ ಗೀರು ಹೋಯಿತು, ಕೇಸೂ ಹೋಯಿತು.

“ಬೇಡ, ಬೇಡ. ನೀನು ಅತ್ಲಾಗಿ ಹೋಗು.”

ಸಿದ್ರಾಮ ಹೋದ. ಅವನು ಮೂಲೆ ತಿರುಗುವುದನ್ನೇ ಕಾದು ಸಾಲ್ಯಾನರು ಅವನು ಹೇಳಿದ ಹಾಗೆಯೇ ಮಾಡಿದರು. ಒತ್ತಲಿಲ್ಲ. ಓಡಿಸಲಿಲ್ಲ. ಎರಡು ಸಲ ಉದ್ದ, ಎರಡು ಸಲ ಅಡ್ಡ. ಒಬ್ಬನನ್ನು ಕಳ್ಳನೆಂದು ನಂಬಿ ಅವನ ವಿದ್ಯೆಯನ್ನು ಮಾತ್ರ ನಂಬುವ ಈ ಚಾಳಿಯ ಮೇಲೆ ನಮ್ಮ ಅರ್ಧ ಊರು ನಿಂತಿದೆ.

ಒಂಬತ್ತೂವರೆಗೆ ಎಡ ಅರ್ಧ ಮುಗಿಯಿತು. ಪಾಲಿಶನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ತಲೆಯ ಮೇಲಿನ ಟ್ಯೂಬ್‌ಲೈಟು ಎಡಗಡೆಯಲ್ಲಿ ಅಂಚು ಕೆಡದೆ, ಗೆರೆ ಎಳೆದ ಹಾಗೆ ಕಂಡಿತು. ಬಲಗಡೆಯಲ್ಲಿ ಅದೇ ಟ್ಯೂಬ್‌ಲೈಟು ಹಿಂಜಿದ ಹತ್ತಿ. ಸಾಲ್ಯಾನರು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು, ಮತ್ತೆ ಹತ್ತಿರ ಬಂದು ನೋಡಿದರು. ಮೂವತ್ತು ವರ್ಷಗಳಲ್ಲಿ ಅವರು ಮಾಡಿದ ಕೆಲಸವೆಲ್ಲ ಯಾರದೋ ಹೊಟ್ಟೆಗೆ ಹೋಗಿ ಮಾಯವಾಗಿತ್ತು. ಇದು ಕಣ್ಣೆದುರು ನಿಂತಿತ್ತು.

“ಎಂತ ಮಾರಾಯ್ತಿ, ಕನ್ನಡಿ!” ಎಂದು ಬಾಲ್ಕನಿಯತ್ತ ಕೂಗಿದರು.

“ಕನ್ನಡಿ ಆಮೇಲೆ ನೋಡಿ. ನೀರ್‌ದೋಸೆ ಚಪ್ಪಲಿ ಆಯ್ತು,” ಎಂದರು ಮೇಲಿಂದ ವಿನೋದಾ.

“ಮಾನಸೀ, ನೀನು ಈಗ ಇಡೀ ಗಾಡಿಯ ಗೀರುಗಳ ವಿಡಿಯೋ ತೆಗಿ. ಸಭೆಯಲ್ಲಿ ತೋರಿಸಬೇಕು. ಒಂದೂ ಬಿಡಬಾರದು.”

ಮಾನಸಿ ಟಾರ್ಚು ಹಾಕಿ ಬಾಗಿಲುಗಳ ವಿಡಿಯೋ ತೆಗೆದಳು, ಡಿಕ್ಕಿಯದನ್ನೂ ತೆಗೆದಳು. ಎಲ್ಲ ಕಡೆ ಜೇಡರ ಬಲೆ. ಪ್ಲಾಸ್ಟಿಕ್ ಸ್ಟೂಲು ಹತ್ತಿ ಕಾರಿನ ಮಾಡಿನ ಮೇಲೆ ಟಾರ್ಚು ಬಿಟ್ಟವಳು ಅಲ್ಲೇ ನಿಂತಳು.

“ಪಪ್ಪಾ, ರೂಫ್ ಪೇ ಕ್ಯೂಂ ನಹೀ ಹೈ?”

“ಸರಿಯಾಗಿ ನೋಡು.”

“ದೇಖ್ ರಹೀ ಹೂಂ ನಾ. ಸೈಡ್ ಮೇ ಹೈ. ಬೀಚ್ ಮೇ ಕುಛ್ ಭೀ ನಹೀ.”

ಸಾಲ್ಯಾನರು ಸ್ಟೂಲು ಹತ್ತಿದರು. ಮಗಳು ಹೇಳಿದ್ದು ನಿಜ. ಮಾಡಿನ ಅಂಚಿನಿಂದ ಒಳಗೆ ಒಂದು ಗೇಣು, ಎರಡು ಗೇಣು ಗೀರುಗಳಿದ್ದವು. ಅಲ್ಲಿಂದ ಮುಂದೆ, ನಡುವಿನ ಅಷ್ಟೂ ಜಾಗದಲ್ಲಿ, ಟಾರ್ಚಿನ ಬೆಳಕು ತೊಟ್ಟಿಯ ನೀರಿನಲ್ಲಿ ಬಿದ್ದ ಹಾಗೆ ನಿಚ್ಚಳ. ಇನ್ನೊಂದು ಬದಿಯಿಂದ ನೋಡಿದರು. ಅಲ್ಲೂ ಅಷ್ಟೇ: ಅಂಚಿನಲ್ಲಿ ಎರಡು ಗೇಣು, ಆಮೇಲೆ ಶುದ್ಧ.

ಸಿದ್ರಾಮ ಆರಡಿ ಆಳು. ಬಾಲ್ದಿ ಬೋರಲು ಹಾಕಿ ಹತ್ತಿ, ದಿನಾ ಮಾಡಿನ ಈ ತುದಿಯಿಂದ ಆ ತುದಿಗೆ ಒರೆಸುತ್ತಿದ್ದುದನ್ನು ಇಡೀ ಬಿಲ್ಡಿಂಗು ನೋಡಿದೆ. ಅವನ ಬಟ್ಟೆ ಗೀರುವುದಾದರೆ ನಡುವೆಯೂ ಗೀರಬೇಕಿತ್ತು.

“ಪಪ್ಪಾ, ನೀಚೇ ಉತರೋ. ಹಾಥ್ ರಖೋ ಊಪರ್,” ಎಂದಳು ಮಾನಸಿ.

ಐದಡಿ ಎರಡಂಗುಲದ ಸಾಲ್ಯಾನರು ನೆಲದ ಮೇಲೆ ನಿಂತು, ಬರೇ ಬನಿಯನ್ನಿನಲ್ಲಿದ್ದರೂ ಅಂಗಿಯ ಗುಂಡಿ ಕಾರಿಗೆ ತಾಗಬಾರದೆಂದು ಹೊಟ್ಟೆ ಒಳಕ್ಕೆಳೆದು, ದಿನಾ ನಿಲ್ಲುವ ಹಾಗೆಯೇ ನಿಂತು, ಕೈ ಚಾಚಿದರು. ಮಗಳು ಟಾರ್ಚು ಹಿಡಿದಳು. ಬೆರಳ ತುದಿ ಎಲ್ಲಿ ಮುಗಿಯಿತೋ ಗೀರು ಅಲ್ಲಿ ಮುಗಿದಿತ್ತು.

ದಿನಾ ನಿಲ್ಲುವ ಹಾಗೆ ಎಂದೆನಲ್ಲ. ಅದನ್ನು ಹೇಳಬೇಕು. ಸಿದ್ರಾಮ ಬೆಳಗಿನ ಐದೂವರೆಗೆ ಕಾರು ತೊಳೆಯುತ್ತಾನೆ. ಸಾಲ್ಯಾನರು ಇಳಿದು ಬರುವುದು ಏಳಕ್ಕೆ. ಆ ಒಂದೂವರೆ ಗಂಟೆಯಲ್ಲಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬರುವ ಧೂಳು ಕಪ್ಪು ಬಣ್ಣದ ಮೇಲೆ ಪೌಡರು ಹಾಕಿದ ಹಾಗೆ ಕೂತಿರುತ್ತದೆ. ಅದನ್ನು ನೋಡಿ ಸಾಲ್ಯಾನರು ಸಿದ್ರಾಮ ತೊಳೆದೇ ಇಲ್ಲ ಎಂದುಕೊಳ್ಳುತ್ತಿದ್ದರು. ಡಿಕ್ಕಿಯಲ್ಲಿ ಕ್ಯಾಂಟೀನಿನ ಫಡ್ಕಾ ಇರುತ್ತದೆ, ಮೇಜು ಒರೆಸುವ ಆ ದಪ್ಪ ದೊರಗು ಬಟ್ಟೆ. ಅದನ್ನು ಒಣದಾಗಿಯೇ ಹಿಡಿದು, ಹದಿಮೂರನೆಯ ವಯಸ್ಸಿನಲ್ಲಿ ಕಲಿತ ಕೈಯಲ್ಲಿ, ಸುತ್ತಿ ಸುತ್ತಿ ಒತ್ತಿ, ಕೊನೆಗೆ ತಮ್ಮ ಕಡೆಗೊಮ್ಮೆ ಎಳೆದು, ಎಡಗೈ ಕೆಳಗೆ ಒಡ್ಡಿ (ಇಲ್ಲದ ಅನ್ನದಗುಳಿಗೆ), ಬಾನೆಟ್ಟು, ಬಾಗಿಲು, ಡಿಕ್ಕಿ, ಮಾಡಿನ ಅಂಚು ಒರೆಸುತ್ತಿದ್ದರು. ಮೂರು ತಿಂಗಳು. ಒಂದು ದಿನ ತಪ್ಪದೆ. ಕಲ್ಲಿನ ಮೇಜಿಗೆ ಸರಿಯಾದದ್ದು. ಗಾಜಿನಂಥ ಪದರದ ಮೇಲೆ ಆ ಧೂಳು ಮರಳುಕಾಗದ.

ಮೇಲೆ ಬಾಲ್ಕನಿಯಲ್ಲಿ ವಿನೋದಾ ಎಲ್ಲ ನೋಡುತ್ತಿದ್ದರು. ಮನೆಯೊಳಗಿನ ತುಳುವಿನಲ್ಲಿ, ಎರಡೇ ಶಬ್ದದಲ್ಲಿ ಕೇಳಿದರು: “ಈರೇ ಅತ್ತಾ?”

ನೀವೇ ಅಲ್ಲವಾ. ಸಾಲ್ಯಾನರು ಸ್ಟೂಲಿನ ಮೇಲೆ ಕುಳಿತರು.

ಆಗ ಹತ್ತು ಗಂಟೆ. ಸಭೆಗೆ ಒಂದೂವರೆ ಗಂಟೆ ಇತ್ತು. ಬಾನೆಟ್ಟಿನ ಬಲ ಅರ್ಧ, ಮಾಡಿನ ಅಂಚು, ಇಷ್ಟನ್ನು ಉಜ್ಜಿಬಿಟ್ಟರೆ ಗೀರು ಯಾರ ಕೈಯದೆಂದು ಹೇಳುವ ಗುರುತು ಉಳಿಯುವುದಿಲ್ಲ. ಕೈಯಲ್ಲಿ ಯಂತ್ರ ಇತ್ತು, ವಿದ್ಯೆಯೂ ಬಂದಿತ್ತು. ವಿಡಿಯೋ ಅಳಿಸಲು ಮಗಳಿಗೆ ಹೇಳಿದರಾಯಿತು. ದೂರು ಕೊಟ್ಟಾಗಿದೆ, ಸಹಿ ಬಿದ್ದಾಗಿದೆ. ಸುಮ್ಮನಿದ್ದರೆ ಉಳಿದದ್ದನ್ನು ಊರ್ಮಿಳಾ ಮೇಡಂ ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ಯೋಚಿಸಿದೆ ಎಂದು ಅವರೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾರೆ. ಬಾನೆಟ್ಟಿನ ನಡುವಿನ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿಯೂ ಆಗಿತ್ತು.

ಗುರಮ್ಮ ಬಂದಳು. ಸಾಲ್ಯಾನರ ಕಡೆ ನೋಡದೆ ಮಾನಸಿಯನ್ನು ಕೇಳಿದಳು:

“ಯವ್ವಾ, ಆ ಮಿಷಿನ್ ಬಂದಿದ್ದ ರಟ್ಟಿನ ಡಬ್ಬಿ ಖಾಲಿ ಐತೇನು? ಬೇಕಿಲ್ಲಂದ್ರ ಕೊಡು. ಭಾಂಡೆ ಪಾತ್ರಿ ತುಂಬಾಕ ಆಕ್ಕೈತಿ.”

“ಕಹಾಂ ಜಾ ರಹೇ ಹೋ ಮೌಸೀ?”

“ಯಾಂವ ಬಲ್ಲ. ಹೋಗು ಅಂದಾಗ ಹೋಗಾಕ ತಯಾರ್ ಇರಬೇಕಲ್ಲ.”

ಮಾನಸಿ ಅಪ್ಪನ ಮುಖ ನೋಡಿದಳು. ಸಾಲ್ಯಾನರು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದರು.

“ಡಬ್ಬಿ ಈಗ ಕೊಡ್ಲಿಕ್ಕೆ ಆಗುದಿಲ್ಲ. ಮಧ್ಯಾಹ್ನದವರೆಗೆ ತಡೆ,” ಎಂದರು. ಗುರಮ್ಮ ಬರಿಗೈಯಲ್ಲಿ ಹೋದಳು. ಒಂದು ಖಾಲಿ ಡಬ್ಬಿ ಕೊಡಲೂ ಈತನಿಗೆ ಕೈ ಬರುವುದಿಲ್ಲ ಎಂದು ಅವಳು ತಿಳಿದಿರಬೇಕು. ತಿಳಿದರೆ ತಪ್ಪೇನು?

ಸಭೆ ಪಾರ್ಕಿಂಗಿನಲ್ಲೇ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳು, ಮಧ್ಯೆ ಕಪ್ಪು ಕಾರು. ಊರ್ಮಿಳಾ ಮೇಡಂ ದೂರು ಓದಿದರು. ಸಾಲ್ಯಾನರು ಎದ್ದು ನಿಂತು ಹೋಟೆಲ್ ಹಿಂದಿಯಲ್ಲಿ ಹೇಳಿದರು: ಈ ಗೀರು ಸಿದ್ರಾಮನದಲ್ಲ, ನನ್ನ ಕೈಯದು. ಸ್ಟೂಲು ಹತ್ತಿ ಮಾಡು ನೋಡಿ. ದೂರು ವಾಪಸು ಪಡೆಯುತ್ತೇನೆ.

ತಪ್ಪು ಒಪ್ಪಿಕೊಂಡರೆ ಜನ ನಂಬುತ್ತಾರೆ ಎಂದು ಸಾಲ್ಯಾನರು ತಿಳಿದಿದ್ದರು. ಪಾಪ.

“ಆಪ್ಕಾ ಗಾಂವ್ವಾಲಾ ಹೈ ಕ್ಯಾ?” ಎಂದರು ಊರ್ಮಿಳಾ ಮೇಡಂ, ಊರಿನವನೆಂದು ಉಳಿಸುತ್ತಿದ್ದೀರಾ ಎಂಬಂತೆ ಕನ್ನಡಕದ ಮೇಲಿನಿಂದ ನೋಡಿ.

“ಮೇರಾ ಗಾಂವ್ ಸಮುಂದರ್ ಕೇ ಪಾಸ್, ಮೇಡಂ. ಇಸ್ಕಾ ಗಾಂವ್ ಪೂರಾ ದೂಸ್ರಾ ಬಾಜು.”

“ಮಗರ್ ಭಾಷಾ ತೋ ಏಕ್ ಹೀ ಹೈ ನಾ,” ಎಂದಿತು ಹಿಂದಿನ ಕುರ್ಚಿ. ನಗು ಎದ್ದಿತು. ಹೋದ ತಿಂಗಳು ಸಾಲ್ಯಾನರ ಆರೋಪಕ್ಕೆ ಸಾಕ್ಷಿ ಬೇಡವಾಗಿತ್ತು. ಈ ತಿಂಗಳು ಅವರ ಒಪ್ಪಿಗೆಗೆ ಸಾಕ್ಷಿ ಸಾಲದಾಯಿತು.

ಪುಂಡರೀಕಾಕ್ಷರಾಯರು ಬಗ್ಗಿ ಪಿಸುಗುಟ್ಟಿದರು: “ನಿಮಗ್ಯಾಕ್ರೀ ಈ ಉಸಾಬರಿ? ಏಜೆನ್ಸಿಯವರು ಯೂನಿಫಾರ್ಮ್ ಹಾಕ್ಕೊಂಡು ಬರ್ತಾರೆ. ನೋಡೋಕೂ ಚೆನ್ನಾಗಿರುತ್ತೆ.”

ಆ ಮಾತಿನಿಂದ ಸಾಲ್ಯಾನರಿಗೆ ಏಜೆನ್ಸಿ ನೆನಪಾಯಿತು. ಅದರ ಕಾಗದ ಕೊಡಿ ಎಂದರು. ತರಕಾರಿ ಬಿಲ್ಲು ನೋಡುವ ಹಾಗೆ ಮೇಲಿನಿಂದ ಕೆಳಗೆ, ಹಿಂದೆ ಮುಂದೆ ನೋಡಿದರು. ಮೂವತ್ತು ವರ್ಷ ಕೆಳಗಿನವರ ಮೇಲೆಯೇ ಸವೆಸಿದ್ದ ಕಣ್ಣು ಮೊದಲ ಸಲ ಮೇಲಕ್ಕೆ ತಿರುಗಿತು.

“ಯೇ ಏಜೆನ್ಸಿ ಕಾ ಮಾಲಿಕ್ ಅಪ್ನೇ ಟ್ರೆಜರರ್ ಸಾಬ್ ಕಾ ಕೌನ್ ಲಗ್ತಾ ಹೈ? ಆಡ್‌ನಾಂವ್ ಏಕ್ ಹೀ ದಿಖ್ತಾ ಹೈ.”

ಮನೆತನದ ಹೆಸರು ಒಂದೇ ಎಂದೊಡನೆ ಸೊಸೈಟಿಯ ಟ್ರೆಜರರ್ ಸಾಹೇಬರು ಬಾಟಲಿ ಎತ್ತಿ ನೀರು ಕುಡಿದರು. “ದೂರ್ ಕಾ ರಿಶ್ತೇದಾರ್ ಹೈ.”

“ಕಿತ್ನಾ ದೂರ್? ಕಲ್ಯಾಣ್?”

ಕಲ್ಯಾಣವೆಂದರೆ ನಮ್ಮ ಪಕ್ಕದ ಊರು. ಈ ಸಲದ ನಗು ಬೇರೆ ಕಡೆಯಿಂದ ಎದ್ದಿತು. ನಾಲ್ಕೈದು ಮಂದಿ ಎದ್ದು ಸ್ಟೂಲು ಹತ್ತಿ ಮಾಡು ನೋಡಿದರು. ಮಾನಸಿ ವಿಡಿಯೋ ತೋರಿಸಿದಳು. ಒಂದು ಗಂಟೆಯ ಕೂಗಾಟದ ಮೇಲೆ ವಿಷಯ ಕೈಬಿಡಲಾಗಿದೆಯೆಂದು ಊರ್ಮಿಳಾ ಮೇಡಂ ಬರೆದುಕೊಂಡರು. ಸಿದ್ರಾಮನಿಗೆ ಕೆಲಸ ಉಳಿಯಿತು, ಕೋಣೆ ಉಳಿಯಿತು. ಅವನು ಅಷ್ಟು ಹೊತ್ತೂ ಗೇಟಿನ ಹತ್ತಿರ ನಿಂತಿದ್ದ. ಅವನನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಮರುದಿನ, ಸೋಮವಾರ, ಸಾಲ್ಯಾನರು ಏಳಕ್ಕೆ ಇಳಿದು ಬಂದರು. ಹದಿನೆಂಟು ಕಾರುಗಳ ಕೆಳಗೆ ನೀರು ಹರಿದು ನೆಲ ಒದ್ದೆ. ಅವರ ಕಾರಿನ ಕೆಳಗೆ ಒಣ. ನಿನ್ನೆಯ ಪಾಲಿಶಿನ ಹುಡಿ ಗಾಜಿನ ಮೇಲೆ ಹಾಗೇ ಇತ್ತು. ಮೊದಲು ಬಂದದ್ದು ಅನುಮಾನವೇ. ಉಳಿಸಿದ ಮೇಲೆ ಸೊಕ್ಕು ಬಂತು! ಇನ್ನೇನು ಹೂಡಿದ್ದಾನೋ! ಪಂಪ್ ರೂಮಿನ ಕಡೆ ನಡೆದರು.

ಸಿದ್ರಾಮ ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಿದ್ದ.

“ನನ್ನ ಗಾಡಿ ಬಿಟ್ಟದ್ದು ಯಾಕೆ?”

“ನಿಮ್ಮ ಗಾಡಿ ನಾ ಮುಟ್ಟಂಗಿಲ್ರಿ. ಹದಿನೆಂಟು ಸಾಕು ನನಗ.”

“ಎಂತದಾ ನಿನ್ನದು? ನಿನ್ನೆ ಎಲ್ಲರೆದುರು ಮರ್ಯಾದೆ ಬಿಟ್ಟು ಹೇಳಿದೆನಲ್ಲ. ಇನ್ನೆಂತ ಬೇಕು?”

ಸಿದ್ರಾಮ ಬಟ್ಟೆ ಕೊಡವಿ ಹೆಗಲ ಮೇಲೆ ಹಾಕಿಕೊಂಡ.

“ಅವರಿಗೆ ಹೇಳಿದ್ರಿ, ಅವರ ಭಾಷಾದಾಗ. ಐದ್ ಹೆಜ್ಜಿ ಮ್ಯಾಲೆ ನಾ ನಿಂತಿದ್ದೆ. ನನಗೇನ್ ಹೇಳಿದ್ರಿ?”

ಸಾಲ್ಯಾನರದು ಗ್ರಾಹಕ, ಫ್ಯಾಕ್ಟರಿಯ ಮ್ಯಾನೇಜರು, ಹೆಲ್ತ್ ಇನ್ಸ್‌ಪೆಕ್ಟರು, ಎಲ್ಲರ ಹತ್ತಿರವೂ ‘ಸಾರಿ’ ಅಂದು ಅಭ್ಯಾಸವಿದ್ದ ಬಾಯಿ. ಅವರೆಲ್ಲ ಮೇಲಿನವರು. ಕೆಳಗಿನವನಿಗೆ, ಅದೂ ಕನ್ನಡದಲ್ಲಿ, ಅದನ್ನು ಹೇಗೆ ಹೇಳುವುದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗುರಮ್ಮ ಬಾಗಿಲಿಗೆ ಬಂದು ನಿಂತಳು. ಮತ್ತೇನು ದೂರು ತಂದಿದ್ದಾನೋ ಎಂಬಂತೆ ಅವರ ಕೈಗಳನ್ನು ನೋಡಿದಳು.

“ನನ್ನದು ತಪ್ಪಾಯ್ತು ಸಿದ್ರಾಮ,” ಎಂದರು ಕೊನೆಗೆ. “ನಾನೇ ಗೀರಿ ನಿನ್ನ ಹೆಸರು ಹೇಳಿದೆ.”

“ಆತ್ ಬಿಡ್ರಿ.” ಸಿದ್ರಾಮ ಒಂದೆರಡು ಸಲ ಕೆಮ್ಮಿದ. “ತಪ್ಪು ಎಲ್ಲಾರ್ದೂ ಆಕ್ಕೈತಿ.”

“ಹಾಗಾದರೆ ನಾಳೆಯಿಂದ ತೊಳಿತೀಯಲ್ಲ?”

“ಇಲ್ರಿ. ನಾಳೆ ಒಂದ್ ಗೀರ್ ಬಿದ್ರ ನೀವು ಮತ್ತ ಮೊದಲ ನನ್ನ ಮಾರಿನ ನೋಡ್ತೀರಿ. ನೋಡಬಾರ್ದು ಅಂದ್ರೂ ಕಣ್ಣು ಈ ಕಡೇನ ಬರ್ತೈತಿ. ಗಾಡಿ ನೀವ ತೊಳಕೊರ್ರಿ ಸಾವ್ಕಾರ್ರ. ನೀರ್ ಬೇಕಂದ್ರ ಪಂಪ್ ಚಾಲೂ ಮಾಡಿ ಕೊಡ್ತೀನಿ.”

ಹಾಗೆಂದು ಅವನು ಒಂದು ಬಾಲ್ದಿ ತುಂಬಿಸಿ ಅವರ ಕಾಲ ಬಳಿ ಇಟ್ಟು, ತನ್ನದನ್ನು ಎತ್ತಿಕೊಂಡು ಒಳಗೆ ಹೋದ.